ಸೀನಿದಾಗ ಕರೆಂಟ್ ಹೊಡೆದಂತಾದರೆ ಕುತ್ತಿಗೆ ತಿರುಪಲು ಯಾರಿಗೂ ಕೊಡಬೇಡಿ

ಕೆಮ್ಮಿದಾಗ, ಸೀನಿದಾಗ ಕುತ್ತಿಗೆಯಿಂದ ಕೈಗೋ ಬೆನ್ನಿಗೋ ಕಾಲಿಗೋ ಕರೆಂಟ್ ಹೊಡೆದ ಹಾಗೆ ಆಗುತ್ತಿದೆಯಾ? ಹಾಗಿದ್ದರೆ ದಯವಿಟ್ಟು ಒಂದು ಮಾತು ಕೇಳಿ. ನರಗಳ ಪರೀಕ್ಷೆ ಮಾಡಲು ಗೊತ್ತಿರುವ ಡಾಕ್ಟರು ನೋಡುವ ತನಕ ನಿಮ್ಮ ಕುತ್ತಿಗೆಯನ್ನು ತಿರುಪಲು, ಎಳೆಯಲು, ನೆಟಿಕೆ ತೆಗೆಯಲು ಯಾರಿಗೂ ಕೊಡಬೇಡಿ. ಅವರು ಎಷ್ಟೇ ಹೆಸರು ಮಾಡಿದವರಾಗಲಿ, ಎಷ್ಟೇ ಹತ್ತಿರದವರಾಗಲಿ.

ಇದು ನನ್ನ ಅಣ್ಣನಿಗೆ ಆದ ಕತೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಇನ್ನೊಬ್ಬರಿಗೆ ಹೀಗೆ ಆಗುವುದು ಬೇಡ" ಅಂತ ಅವನೇ ಹೇಳಿದ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗ ಬರಬಾರದು ಅಂತ ಬೋರ್ಡೋ ಮದ್ದು ಬಿಡಲೇಬೇಕು. ಮೊದಲು ಮರ ಹತ್ತಿ ಬಿಡುತ್ತಿದ್ದರು. ಈಗ ಹತ್ತುವವರು ಸಿಗುವುದು ಕಷ್ಟ, ಹಾಗಾಗಿ ನೆಲದಿಂದಲೇ ಮದ್ದು ಬಿಡುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದರಿಂದ ಎಷ್ಟೋ ಜನ ಮರದಿಂದ ಬೀಳುವುದು ತಪ್ಪಿದೆ, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ನೆಲದಲ್ಲಿ ನಿಂತು, ತಲೆಯನ್ನು ಪೂರ್ತಿ ಹಿಂದಕ್ಕೆ ಬಗ್ಗಿಸಿ, ಮೇಲಿನ ಗೊನೆಯನ್ನೇ ನೋಡುತ್ತಾ ಬೆಳಗ್ಗಿಂದ ಸಂಜೆವರೆಗೆ ಕೆಲಸ ಮಾಡಬೇಕು. ಮಳೆ ಬಿಟ್ಟ ಹೊತ್ತಲ್ಲಿ ಮುಗಿಸಬೇಕಾದ ಕೆಲಸ ಬೇರೆ, ನಡುವೆ ಕೂತು ಸುಧಾರಿಸಿಕೊಳ್ಳಲು ಪುರುಸೊತ್ತೂ ಇರುವುದಿಲ್ಲ. ಕುತ್ತಿಗೆಯನ್ನು ಹಾಗೆ ಹಿಂದಕ್ಕೆ ಬಗ್ಗಿಸಿದಾಗ ಬೆನ್ನುಹುರಿ ಹಾದು ಹೋಗುವ ದಾರಿ ಕಿರಿದಾಗುತ್ತದೆ. ವಯಸ್ಸಾಗುತ್ತಾ ಡಿಸ್ಕ್ (ಬೆನ್ನೆಲುಬುಗಳ ನಡುವಿನ ಮೆತ್ತೆ) ಸವೆದವರಿಗೆ, ಎಲುಬಿನ ಅಂಚು ಬೆಳೆದವರಿಗೆ ಅದು ಮೊದಲೇ ಕಿರಿದಾಗಿರುತ್ತದೆ. ಅಣ್ಣನಿಗೆ ಐವತ್ತು ದಾಟಿದೆ.

ಅವನಿಗೆ ಮೊದಲು ಗೊತ್ತಾದದ್ದು ಮದ್ದು ಕಲಸುವಾಗ. ಬೋರ್ಡೋಗೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣದ ಹುಡಿ ಮೂಗಿಗೆ ಹೋಗಿ ಜೋರಾಗಿ ಸೀನಿದ. ಕುತ್ತಿಗೆಯ ಬುಡದಿಂದ ಬೆನ್ನಿನ ನಡುವೆ ಇಳಿದು ಎರಡೂ ಕೈಯ ಬೆರಳ ತುದಿಯವರೆಗೆ ಝುಮ್ಮೆಂದು ಹೊಡೆಯಿತು. ಕಲಕುತ್ತಿದ್ದ ಕೋಲು ಕೈಯಿಂದ ಜಾರಿ ಬಿತ್ತು. ಪಂಪಿನ ವಯರಿನಲ್ಲಿ ಏನೋ ಶಾರ್ಟ್ ಆಗಿದೆ ಅಂತ ಅವನು ಮೊದಲು ಹೋಗಿ ಸ್ವಿಚ್ ಆಫ್ ಮಾಡಿದನಂತೆ. ಆಮೇಲೆ ಮನೆಯೊಳಗೆ ಕೂತು ಕೆಮ್ಮಿದಾಗಲೂ ಹಾಗೆಯೇ ಆಯಿತು.

ಹತ್ತಿರದ ಕ್ಲಿನಿಕ್ಕಿಗೆ ಹೋದ. ಎಕ್ಸ್‌ರೇ ತೆಗೆದರು, "ಸ್ವಲ್ಪ ಸವೆತ ಇದೆ, ಈ ವಯಸ್ಸಿಗೆ ಎಲ್ಲರಿಗೂ ಇರುತ್ತದೆ" ಅಂದರು. ನೋವಿನ ಇಂಜೆಕ್ಷನ್ ಕೊಟ್ಟರು, ವಿಟಮಿನ್ ಮಾತ್ರೆ ಕೊಟ್ಟರು. ಸವೆತದ ಮಾತು ಸುಳ್ಳಲ್ಲ. ಆದರೆ ಸುತ್ತಿಗೆಯಿಂದ ಮೊಣಕಾಲು ತಟ್ಟಿ ನೋಡಲಿಲ್ಲ, ನಡೆದು ತೋರಿಸು ಅನ್ನಲಿಲ್ಲ, ಬಟನ್ ಹಾಕಲು ಬರುತ್ತದಾ ಅಂತ ಕೇಳಲಿಲ್ಲ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ. ಡಿಸ್ಕ್ ಜಾರಿ ಬೆನ್ನುಹುರಿಗೆ ಒತ್ತುತ್ತಿದೆಯಾ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಇದನ್ನು ಅವನಿಗೆ ಯಾರೂ ಹೇಳಲಿಲ್ಲ.

ಇಂಜೆಕ್ಷನ್ನಿಗೆ ಕುತ್ತಿಗೆ ನೋವು ಇಳಿಯಿತು, ಕರೆಂಟ್ ಹೊಡೆಯುವುದು ನಿಲ್ಲಲಿಲ್ಲ. ಆಗ ಒಂದು ಮದುವೆ ಮನೆಯಲ್ಲಿ ಯಾರೋ ಹೇಳಿದರು, ಇಂಥಲ್ಲಿ ಒಬ್ಬರಿದ್ದಾರೆ, ನರ ಸಿಕ್ಕಿಹಾಕಿಕೊಂಡದ್ದನ್ನು ಒಂದೇ ಸಲಕ್ಕೆ ಬಿಡಿಸುತ್ತಾರೆ, ಕಾಸರಗೋಡು, ಪುತ್ತೂರು, ಸುಳ್ಯದಿಂದೆಲ್ಲ ಜನ ಬರುತ್ತಾರೆ ಅಂತ. ಹೆಸರು, ಊರು ಬರೆಯುವುದಿಲ್ಲ. ಅಂಥವರು ಒಬ್ಬರಲ್ಲ, ಒಂದು ಊರಲ್ಲೂ ಅಲ್ಲ.

ಅಲ್ಲಿ ಅಣ್ಣನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದರು. ಎಲ್ಲಿ ನೋವು ಅಂತ ಕೇಳಿದ್ದು ಬಿಟ್ಟರೆ ಬೇರೆ ಪ್ರಶ್ನೆ ಇಲ್ಲ. ಎಣ್ಣೆ ಹಚ್ಚಿ ಹೆಗಲು ತಿಕ್ಕಿದರು. ಅಷ್ಟರವರೆಗೆ ಹಿತವಾಗಿತ್ತಂತೆ. ಆಮೇಲೆ ಒಂದು ಕೈಯಲ್ಲಿ ಗಲ್ಲ ಹಿಡಿದು, ಇನ್ನೊಂದು ಕೈಯನ್ನು ತಲೆಯ ಹಿಂದೆ ಇಟ್ಟು, "ಸಡಿಲ ಬಿಡಿ, ಸಡಿಲ ಬಿಡಿ" ಅನ್ನುತ್ತಲೇ ಒಂದೇ ಏಟಿಗೆ ಪಕ್ಕಕ್ಕೆ ತಿರುಪಿದರು. ಟಕ್ ಅಂತ ಸದ್ದು ಬಂತು. ಎರಡೂ ಕೈ, ಎರಡೂ ಕಾಲಿಗೆ ಒಟ್ಟಿಗೆ ಕರೆಂಟ್ ಹೊಡೆಯಿತು. ಅಣ್ಣ ಕೂಗಿಕೊಂಡ. ಅವರು, "ಬಿಟ್ಟಿತು ನೋಡಿ, ಇನ್ನು ಎರಡು ಸಲ ಬಂದರೆ ಪೂರ್ತಿ ಗುಣ" ಅಂದರು. ಎದ್ದು ನಿಂತಾಗ ಕಾಲು ಮರಗಟ್ಟಿತ್ತು. ಫೋನ್ ಮಾಡಿ ಕೇಳಿದರೆ, "ನರ ಬಿಡುವಾಗ ಹಾಗೆಯೇ ಆಗುವುದು" ಅನ್ನುವ ಉತ್ತರ.

ನಾನು ತವರಿಗೆ ಹೋದಾಗ ಅವನು ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದ. ಬಟನ್ನನ್ನು ತೂತಿನ ಹತ್ತಿರ ತರುತ್ತಾನೆ, ಬೆರಳು ಅದನ್ನು ದೂಡುವುದಿಲ್ಲ. ಮತ್ತೆ ತರುತ್ತಾನೆ, ಮತ್ತೆ ಜಾರುತ್ತದೆ. ಅತ್ತಿಗೆ ಏನೂ ಮಾತಾಡದೆ ಬಂದು ಹಾಕಿಕೊಟ್ಟರು. ಅಂಗಳಕ್ಕೆ ಇಳಿದಾಗ ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿಯಿತು, ಅವನು ಬರಿಗಾಲಲ್ಲಿ ಮುಂದೆ ಹೋದ. ಚಪ್ಪಲಿ ಕಳಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. "ಅಣ್ಣ, ಇವತ್ತೇ ಮಂಗಳೂರಿಗೆ ಹೋಗುವ" ಅಂದೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ತೋಟದ ಕೆಲಸ ಬಿಟ್ಟು ಹೋಗುವವರಿಗೆ ಒಂದಿಡೀ ದಿನ ಅದಕ್ಕೇ ಹೋಗುತ್ತದೆ. ನಮ್ಮ ಕಡೆ ಜನ ಹತ್ತಿರದಲ್ಲಿ ಸಿಗುವ ತಿಕ್ಕುವವರ ಬಳಿ ಹೋಗಲು ಇದೂ ಒಂದು ಕಾರಣ, ಅದು ನನಗೆ ಅರ್ಥವಾಗುತ್ತದೆ.

ಮಂಗಳೂರಿನ ನರರೋಗ ಡಾಕ್ಟರು ಸ್ಕ್ಯಾನಿಗೆ ಬರೆಯುವ ಮೊದಲೇ ಅರ್ಧ ವಿಷಯ ಕಂಡುಹಿಡಿದರು. ಮಧ್ಯದ ಬೆರಳಿನ ಉಗುರನ್ನು ಚಿಮ್ಮಿಸಿದರು, ಹೆಬ್ಬೆರಳು ತಾನಾಗಿ ಒಳಕ್ಕೆ ಮಡಚಿತು. ಅಂಗಾಲನ್ನು ಕೀಲಿಯ ತುದಿಯಿಂದ ಗೀರಿದರು, ಹೆಬ್ಬೆರಳು ಮೇಲಕ್ಕೆ ಎದ್ದಿತು. ದೊಡ್ಡವರಲ್ಲಿ ಅದು ಕೆಳಕ್ಕೆ ಮಡಚಬೇಕು. ಗೆರೆಯ ಮೇಲೆ ನಡೆದ ಹಾಗೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿದರು, ಅಣ್ಣ ವಾಲಿದ. ಕೊನೆಗೆ ಮುಷ್ಟಿ ಕಟ್ಟಿ ಬಿಡಿಸಲು ಹೇಳಿ ಗಡಿಯಾರ ನೋಡಿದರು. 10 ಸೆಕೆಂಡಿನಲ್ಲಿ ಸಾಮಾನ್ಯವಾಗಿ 20 ಸಲ ಅಥವಾ ಹೆಚ್ಚು ಆಗಬೇಕು. ಅಣ್ಣನದು ಅದರ ಅರ್ಧಕ್ಕೂ ಬರಲಿಲ್ಲ. ಇಷ್ಟಕ್ಕೆಲ್ಲ ಯಂತ್ರ ಏನೂ ಬೇಕಾಗಿಲ್ಲ ಅಲ್ವಾ? ಮೊದಲ ದಿನವೇ ಯಾರಾದರೂ ಮಾಡಬಹುದಿತ್ತು. ನನಗೆ ಇವತ್ತಿಗೂ ಬೇಸರ ಇರುವುದು ಇದರ ಬಗ್ಗೆ.

ಎಂಆರ್‌ಐಯಲ್ಲಿ ಕುತ್ತಿಗೆಯ 5 ಮತ್ತು 6ನೇ ಎಲುಬಿನ ನಡುವಿನ ಡಿಸ್ಕ್ ಹಿಂದಕ್ಕೆ ಉಬ್ಬಿ ಬೆನ್ನುಹುರಿಯನ್ನು ಒತ್ತಿದ್ದು ಕಂಡಿತು. ಡಾಕ್ಟರು ನೇರವಾಗಿ ಹೇಳಿದರು: ಡಿಸ್ಕಿನ ತೊಂದರೆ ಮೊದಲೇ ಇತ್ತು, ಆದರೆ ಒತ್ತಿಕೊಂಡಿದ್ದ ಬೆನ್ನುಹುರಿಗೆ ತಿರುಪಿದಾಗ ಮತ್ತೆ ಪೆಟ್ಟು ಬಿದ್ದಿದೆ. ಆಪರೇಷನ್ ಆಯಿತು. ಕುತ್ತಿಗೆಯ ಮುಂದಿನಿಂದ ಹೋಗಿ ಡಿಸ್ಕ್ ತೆಗೆದು ಎರಡು ಎಲುಬು ಜೋಡಿಸಿದರು. ಈಗ ಸೀನಿದರೆ ಕರೆಂಟ್ ಹೊಡೆಯುವುದಿಲ್ಲ. ನಡಿಗೆ ಬಹಳ ಸುಧಾರಿಸಿದೆ. ಬೆರಳು ಮಾತ್ರ ಪೂರ್ತಿ ಮೊದಲಿನಂತೆ ಆಗಿಲ್ಲ, ಅಡಿಕೆ ಸುಲಿಯಲು ಕೂತರೆ ಕೈ ಬೇಗ ಸೋಲುತ್ತದೆ. ಇಂಥ ಆಪರೇಷನ್ನಿನ ಮೊದಲ ಉದ್ದೇಶ ಇನ್ನೂ ಹಾಳಾಗದಂತೆ ತಡೆಯುವುದು. ಹೋದದ್ದೆಲ್ಲ ವಾಪಸ್ ಬರುತ್ತದೆ ಅಂತ ಭರವಸೆ ಇಲ್ಲ. ತಡವಾದಷ್ಟೂ ನಷ್ಟ ಜಾಸ್ತಿ.

ಕೆಮ್ಮಿಗೂ ಸೀನಿಗೂ ಕರೆಂಟಿಗೂ ಏನು ಸಂಬಂಧ ಅಂತ ನಾನು ಕೇಳಿದೆ. ಕೆಮ್ಮುವಾಗ, ಸೀನುವಾಗ, ಮಲಕ್ಕೆ ತಿಣುಕುವಾಗ ಎದೆ ಮತ್ತು ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ಬೆನ್ನುಹುರಿಯ ಸುತ್ತ ಇರುವ ರಕ್ತನಾಳಗಳಲ್ಲಿ ರಕ್ತವನ್ನು ತಡೆಯುವ ಕವಾಟ ಇಲ್ಲ, ಹಾಗಾಗಿ ಅವು ಉಬ್ಬುತ್ತವೆ. ಬೆನ್ನುಹುರಿಯ ಸುತ್ತಲಿನ ನೀರಿನ ಒತ್ತಡವೂ ಏರುತ್ತದೆ. ಜಾಗ ಸಾಕಷ್ಟಿದ್ದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಜಾಗ ಇಕ್ಕಟ್ಟಾಗಿದ್ದರೆ ಅಷ್ಟೇ ಸಾಕು, ನರ ಕೆರಳುತ್ತದೆ. ಸೀನುವಾಗ ತಲೆ ಮುಂದಕ್ಕೆ ಬಡಿಯುತ್ತದೆ, ಬೆನ್ನುಹುರಿ ಎಳೆದಂತಾಗುತ್ತದೆ, ಅದೂ ಸೇರಿಕೊಳ್ಳುತ್ತದೆ. ತಲೆ ಬಗ್ಗಿಸಿದ ಕೂಡಲೇ ಬೆನ್ನಿನಲ್ಲಿ ಶಾಕ್ ಇಳಿಯುವುದಕ್ಕೆ ಲೆರ್ಮಿಟ್ ಚಿಹ್ನೆ ಅಂತ ಹೆಸರಿದೆ. ಅದರ ಬಗ್ಗೆ 1924ರಲ್ಲಿ ಬರೆದ ಫ್ರಾನ್ಸಿನ ನರರೋಗ ತಜ್ಞರ ಹೆಸರು ಅದು. ನಿಮಗೆ ಗದ್ದ ಎದೆಗೆ ತಾಗಿಸಿದಾಗಲೂ ಹೀಗೆ ಆಗುತ್ತಿದ್ದರೆ ಡಾಕ್ಟರಿಗೆ ಅದನ್ನು ಹೇಳಲೇಬೇಕು.

ಎಲ್ಲರಿಗೂ ಅಣ್ಣನಿಗೆ ಆದಷ್ಟು ಆಗಿರುತ್ತದೆ ಅಂತಲ್ಲ, ಸುಮ್ನೆ ಹೆದರಬೇಡಿ. ಕೆಮ್ಮಿದಾಗ ಸೊಂಟದಿಂದ ಒಂದು ಕಾಲಿಗೆ ಮಾತ್ರ ಹೊಡೆಯುವವರಲ್ಲಿ ಹೆಚ್ಚಿನವರಿಗೆ ಅದು ಸೊಂಟದ ಡಿಸ್ಕಿನಿಂದ ಇಳಿಯುವ ನೋವು. ಅದು ಬಹಳ ಮಂದಿಗೆ ಕೆಲವು ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ. ಕೆಲವರಿಗೆ ಬಿ12 ವಿಟಮಿನ್ ಕಡಿಮೆಯಾಗಿ ಬೆನ್ನುಹುರಿಯೇ ಸೊರಗಿರುತ್ತದೆ. ಅದು ಸಿಗುವ ಮೀನು, ಮೊಟ್ಟೆ ಮುಟ್ಟದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಶುಗರಿಗೆ ಮೆಟ್‌ಫಾರ್ಮಿನ್ ತುಂಬಾ ವರ್ಷದಿಂದ ತೆಗೆದುಕೊಳ್ಳುವವರು, ಗ್ಯಾಸಿಗೆ ದಿನಾ ಮಾತ್ರೆ ನುಂಗುವವರು ಇನ್ನೂ ಹೆಚ್ಚು ಗಮನ ಕೊಡಬೇಕು. ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಬಿ12 ಮಾತ್ರೆ ಶುರು ಮಾಡಿ. ಮೊದಲೇ ತಿಂದರೆ ಪರೀಕ್ಷೆಯಲ್ಲಿ ಸರಿಯಾಗಿದ್ದಂತೆ ತೋರಿ ಕಾರಣ ತಪ್ಪಿಹೋಗಬಹುದು. ಚಿಕ್ಕ ವಯಸ್ಸಿನವರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ (ನರಗಳ ಮೇಲಿನ ಹೊದಿಕೆ ಹಾಳಾಗುವ ಕಾಯಿಲೆ) ಕೂಡ ಹೀಗೆ ಶುರುವಾಗಬಹುದು. ಕೆಮ್ಮಿದ ಕೂಡಲೇ ತಲೆಯ ಹಿಂಭಾಗ ಸಿಡಿಯುವವರಿಗೆ ಮಿದುಳಿನ ಬುಡದ ಕಡೆ ನೋಡಬೇಕಾಗುತ್ತದೆ. ಕಾರಣ ಇಷ್ಟೊಂದು ಇರುವಾಗ ಎಲ್ಲದಕ್ಕೂ ಕುತ್ತಿಗೆ ತಿರುಪುವುದೇ ಮದ್ದು ಅನ್ನುವವರನ್ನು ನಂಬುವುದು ಹೇಗೆ?

ಕಟಿಂಗ್ ಶಾಪಿನಲ್ಲಿ ಮಸಾಜ್ ಮುಗಿಸಿ ಪ್ರೀತಿಯಿಂದಲೇ ಕುತ್ತಿಗೆ ಲಟಕ್ ಅನ್ನಿಸುತ್ತಾರಲ್ಲ, ಅದನ್ನೂ ಬೇಡ ಅನ್ನಿ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಎಲುಬಿನ ತೂತುಗಳ ಮೂಲಕವೇ ಮೇಲೆ ಹೋಗುತ್ತವೆ. ಜೋರಾಗಿ ತಿರುಪಿದಾಗ ಅದರ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಆದದ್ದಿದೆ. ಅಪರೂಪ, ಆದರೆ ಆಗುವುದು ನಿಜ.

ಈ ಕೆಳಗಿನದು ಕಂಡರೆ ನಾಳೆ ನೋಡುವ ಅನ್ನಬೇಡಿ. ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಕುದುರೆ ಸವಾರಿಗೆ ಕೂತಾಗ ಜೀನು ತಾಗುವ ಜಾಗ ಮರಗಟ್ಟುವುದು, ಕೈಕಾಲಿನ ಬಲ ಹೋಗುವುದು: ಇವಕ್ಕೆ ಆ ರಾತ್ರಿಯೇ ಆಸ್ಪತ್ರೆ. ಬಿದ್ದ ಮೇಲೆ ಶುರುವಾಗಿದ್ದರೆ, ಜ್ವರ ಇದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಸುಮ್ಮನೆ ತೂಕ ಇಳಿಯುತ್ತಿದ್ದರೆ ಆಗಲೂ ತಡ ಮಾಡಬೇಡಿ. ಬಟನ್, ಪೆನ್ನು, ಬೀಗದ ಕೈ ಕೈಗೆ ಸರಿಯಾಗಿ ಬಗ್ಗದೆ ಇದ್ದರೆ, ಕತ್ತಲಲ್ಲಿ ನಡೆಯುವಾಗ ವಾಲಿದರೆ, ಚಪ್ಪಲಿ ಕಳಚಿ ಹೋದದ್ದು ಗೊತ್ತಾಗದೆ ಇದ್ದರೆ, ನೋವು ಇಲ್ಲದಿದ್ದರೂ ಆ ವಾರವೇ ತೋರಿಸಿ. ಅಣ್ಣನಿಗೆ ಕೊನೆಕೊನೆಗೆ ನೋವೇ ಇರಲಿಲ್ಲ. ಎಲ್ಲರೂ ಗುಣವಾಗುತ್ತಿದೆ ಅಂದುಕೊಂಡದ್ದು ಅದಕ್ಕೇ.

ಡಾಕ್ಟರನ್ನು ಕಾಣುವ ತನಕ ಸೀನು ಬಂದರೆ ಮೂಗು ಒತ್ತಿ ತಡೆಯಬೇಡಿ, ಅದರಿಂದ ಗಂಟಲು ಹರಿದದ್ದೂ ಇದೆ. ನೆಟ್ಟಗೆ ನಿಂತು, ಗೋಡೆಗೋ ಮೇಜಿಗೋ ಕೈ ಊರಿ, ತಲೆ ಬಗ್ಗಿಸದೆ ನೇರ ನೋಡಿ ಸೀನಿ. ಕೆಮ್ಮಿಗೆ ಬೇರೆಯಾಗಿಯೇ ಮದ್ದು ಮಾಡಿ. ಬಿಪಿಗೆ ಎನಲಾಪ್ರಿಲ್, ರಾಮಿಪ್ರಿಲ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ಅದರಿಂದಲೇ ಒಣ ಕೆಮ್ಮು ಬರಬಹುದು, ಆದರೆ ನೀವಾಗಿ ನಿಲ್ಲಿಸಬೇಡಿ, ಬದಲಿಸಲು ಕೇಳಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ತಲೆಹೊರೆ ಬೇಡ, ದೋಟಿ ಕೆಲಸ ಬೇಡ.

ಡಾಕ್ಟರ ಬಳಿ ಹೋಗುವಾಗ "ಕುತ್ತಿಗೆ ನೋವು" ಅಂತ ಮಾತ್ರ ಹೇಳಿ ಬಿಡಬೇಡಿ. ಶಾಕ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಕೆಮ್ಮಿದಾಗಲಾ, ತಲೆ ಬಗ್ಗಿಸಿದಾಗಲಾ, ಒಂದು ಬದಿಯಾ, ಎರಡೂ ಬದಿಯಾ, ಬೆರಳ ಕೆಲಸ ಹೇಗಿದೆ, ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಮ್ಮ ಕಡೆ ಒಂದು ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಹೇಳಬೇಕು, ಇನ್ನೊಂದರಲ್ಲಿ ಕನ್ನಡದಲ್ಲಿ, ಗಡಿಬಿಡಿಯಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಯಾರಾದರೂ ಕುತ್ತಿಗೆ ತಿರುಪಿದ್ದರೆ ಮುಚ್ಚಿಡದೆ ಹೇಳಿ. ಮೈಯಲ್ಲಿ ಪೇಸ್‌ಮೇಕರ್, ಲೋಹದ ಪ್ಲೇಟು ಇದ್ದರೆ ಎಂಆರ್‌ಐಗೆ ಮೊದಲೇ ತಿಳಿಸಿ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಗಡಿ ದಾಟಿ ಮಂಗಳೂರಿಗೆ ಹೋಗುವುದಿದ್ದರೆ ಆ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದಾ ಅಂತ ಅಡ್ಮಿಟ್ ಆಗುವ ಮೊದಲೇ ಕೇಳಿ, ಆಮೇಲೆ ಕೇಳಿದರೆ ಪ್ರಯೋಜನ ಇಲ್ಲ.