ಕೊಪ್ಪಳದ ಖಾನಾವಳಿ ಊಟ: ರೊಟ್ಟಿ ಪಾಸು, ಕಾಳಿನ ಬಟ್ಟಲು ಸಣ್ಣದು

ಕೊಪ್ಪಳದ ಖಾನಾವಳಿಗಳಲ್ಲಿ ರೊಟ್ಟಿ ಊಟ ಅಂದರೆ ಸಾಮಾನ್ಯವಾಗಿ ಎರಡು ಜೋಳದ ರೊಟ್ಟಿ, ಕಾಳುಪಲ್ಯ, ಎಣ್ಣೆಗಾಯಿ ಇಲ್ಲವೇ ಪುಂಡಿಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಅನ್ನ, ಸಾರು, ಮೊಸರು. ರುಚಿಯ ಬಗ್ಗೆ ತಕರಾರಿಲ್ಲ. ಮಾಂಸ, ಮೊಟ್ಟೆ ಮುಟ್ಟದವರಿಗೆ ಈ ತಾಟಿನಿಂದ ಎಷ್ಟು ಪ್ರೋಟೀನ್ ಸಿಗುತ್ತದೆ ಎನ್ನುವುದಷ್ಟೇ ಇಲ್ಲಿ ನೋಡಿರುವುದು.

ಆರೋಗ್ಯವಂತ ವಯಸ್ಕರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಂತೆ ಪ್ರತಿ ಕೆ.ಜಿ. ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ ಸಾಕು. 60 ಕೆ.ಜಿ. ತೂಗುವವರಿಗೆ 50 ಗ್ರಾಂ ಆಯಿತು. ಧಾನ್ಯವೇ ಹೆಚ್ಚಿರುವ ಊಟವಾದರೆ ಕೆ.ಜಿ.ಗೆ 1 ಗ್ರಾಂ ಹಿಡಿಯುವುದು ಮೇಲು.

50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 5 ಗ್ರಾಂ, ಎರಡಕ್ಕೆ 10. ಗಟ್ಟಿ ಕಾಳುಪಲ್ಯದ ಬಟ್ಟಲಲ್ಲಿ 30 ಗ್ರಾಂ ಒಣಕಾಳು ಇದ್ದರೆ 7. ಒಂದು ಚಮಚ ಹಿಂಡಿಗೆ 2, ಅನ್ನಕ್ಕೆ 4, ಬೇಳೆ ಸಾರಿಗೆ 2, 100 ಗ್ರಾಂ ಮೊಸರಿಗೆ 3. ಒಟ್ಟು 28ರ ಆಸುಪಾಸು. ಒಂದು ಹೊತ್ತಿನ ಊಟಕ್ಕೆ ಕಡಿಮೆಯೇನಲ್ಲ.

ಆದರೆ ಲೆಕ್ಕ ತಪ್ಪುವುದು ಕಾಳಿನ ಬಟ್ಟಲಲ್ಲೇ. ಗಿರಾಕಿ ಹೆಚ್ಚಾದ ಹೊತ್ತಿಗೆ ಪಲ್ಯ ರಸವಾಗುತ್ತದೆ. ತಳದಲ್ಲಿ 15 ಗ್ರಾಂ ಕಾಳು ಸಿಕ್ಕರೆ ಪುಣ್ಯ. ‘ಕಾಳು ಮುಗದಾವ್ರೀ’ ಎಂದು ಬದನೆಕಾಯಿ ಎಣ್ಣೆಗಾಯಿಯನ್ನೇ ಎರಡು ಸಲ ಬಡಿಸಿದರೆ ಇನ್ನೂ ಕಷ್ಟ. ಜೋಳದಲ್ಲಿ ಪ್ರೋಟೀನಿನ ಘಟಕವಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಅಕ್ಕಿಯಲ್ಲೂ ಅಷ್ಟಕ್ಕಷ್ಟೆ. ಆ ಕೊರತೆಯನ್ನು ಶೇಂಗಾ ತುಂಬುತ್ತದೆ ಎಂದುಕೊಂಡವರು ಬಹಳ. ಶೇಂಗಾದಲ್ಲೂ ಅದು ಕಡಿಮೆಯೇ. ತುಂಬುವುದು ಹೆಸರು, ಮಡಿಕೆ, ಅಲಸಂದಿ, ಹುರುಳಿ, ತೊಗರಿ, ಕಡಲೆ. ಜೊತೆಗೆ ಹಾಲು, ಮೊಸರು. ಹಿಂಡಿ ಎಷ್ಟು ಹಾಕಿಸಿಕೊಂಡರೂ ಎಣ್ಣೆಯಂಶವೇ ಹೆಚ್ಚು ಸೇರುತ್ತದೆ. ಬೇಳೆ ಹಾಕಿದ ಪುಂಡಿಪಲ್ಯವಿದ್ದರೆ ಎಣ್ಣೆಗಾಯಿ ಬಿಟ್ಟು ಅದನ್ನೇ ಕೇಳಿ.

ಮೊಳಕೆ ಕಟ್ಟಿದ ಮಡಿಕೆಕಾಳನ್ನು ಹೊಗಳುವವರಿಗೊಂದು ಮಾತು: ಮೊಳಕೆಯಿಂದ ಪ್ರೋಟೀನ್ ಹೆಚ್ಚುವುದಿಲ್ಲ, ನೀರು ಹೀರಿ ಕಾಳು ಉಬ್ಬುತ್ತದೆ, ಅಷ್ಟೆ. ಖನಿಜಾಂಶ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ತಗ್ಗಿ ಜೀರ್ಣಕ್ಕೆ ಹಗುರವಾಗುವುದು ಮಾತ್ರ ನಿಜ.

ಕಾಳು ಬೆಂದಿದೆಯೇ ಎಂದು ಎರಡು ಬೆರಳಲ್ಲಿ ಒತ್ತಿ ನೋಡಿ. ನಡುವೆ ಗಟ್ಟಿ ಸಿಕ್ಕರೆ ಕಾಳು ಹಳೆಯದು, ಇಲ್ಲವೇ ಗಡಸು ಬೋರ್‌ವೆಲ್ ನೀರಲ್ಲಿ ಬೇಯಿಸಿದ್ದು, ಇಲ್ಲವೇ ಬೇಯುವ ಮೊದಲೇ ಹುಣಸೆಹುಳಿ ಬಿದ್ದಿದೆ. ಇಂಥ ಕಾಳು ಹೊಟ್ಟೆ ಉಬ್ಬಿಸುತ್ತದೆ. ಸಿಪ್ಪೆಯೆಲ್ಲ ಕಳಚಿ, ಸಾಬೂನಿನ ವಾಸನೆ ಬಂದರೆ ಸೋಡಾ ಜಾಸ್ತಿಯಾಗಿದೆ. ಅದರಿಂದ ಬಿ1 ಜೀವಸತ್ವ ಹಾಳು.

ಕೂತ ಕೂಡಲೇ ಅನ್ನ ಅರ್ಧ ಮಾಡಿ, ಎರಡನೇ ಬಟ್ಟಲು ಕಾಳುಪಲ್ಯಕ್ಕೆ ಹೇಳಿಬಿಡಿ. ಬೇಕಿದ್ದರೆ ಹೆಚ್ಚಿನ ದುಡ್ಡು ಕೊಡಿ. 28 ಇದ್ದದ್ದು 33 ಆಗುತ್ತದೆ. ಮೊಸರಿನ ಬದಲು ನೀರುಮಜ್ಜಿಗೆ ಬಂದರೆ ಲೆಕ್ಕದಿಂದ 2 ಗ್ರಾಂ ತೆಗೆಯಿರಿ.

ಪಾರ್ಸೆಲ್ ಒಯ್ಯುವವರು ಕಾಳುಪಲ್ಯ ಬೇರೆ ಕಟ್ಟಿಸಿಕೊಂಡು ಬೇಗ ತಿಂದುಬಿಡಬೇಕು. ಇಲ್ಲಿನ ಬೇಸಿಗೆಗೆ ಸಂಜೆಯೊಳಗೆ ಹಳಸುತ್ತದೆ. ರಾತ್ರಿ ಬಸ್ಸಿಗಾದರೆ ಕಟಕ (ಒಣಗಿಸಿದ) ರೊಟ್ಟಿ, ಹಿಂಡಿಯ ಜೊತೆ 50 ಗ್ರಾಂ ಪುಟಾಣಿ (ಹುರಿಗಡಲೆ) ಕಟ್ಟಿಕೊಳ್ಳಿ. ಹತ್ತು ಗ್ರಾಂ ಪ್ರೋಟೀನ್ ಅದರಲ್ಲೇ ಇದೆ, ಕೆಡುವ ಚಿಂತೆಯೂ ಇಲ್ಲ.