ಲೆಂಕೊನಾ, ಥೊರೆನ್ಸಾ? ಡೊಂಬಿವಿಲಿಯ ಮನೆಯಲ್ಲಿ ಆರು ತಿಂಗಳು

ನಮ್ಮ ಮನೆ ಮುಂಬಯಿ ಹತ್ತಿರದ ಡೊಂಬಿವಿಲಿಯಲ್ಲಿ, ರೈಲು ಹಳಿಯ ಪಕ್ಕ, ಮೂರನೇ ಮಹಡಿ. ಫಾಸ್ಟ್ ಲೋಕಲ್ ಹೋದರೆ ಶೋಕೇಸಿನ ಗ್ಲಾಸುಗಳು ಸಣ್ಣಗೆ ಅದುರುತ್ತವೆ. ಇಲ್ಲೇ ಎರಡು ಹಳೇ ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ನುಡಿಸುವ ಯಂತ್ರ, ಇಟ್ಟುಕೊಂಡು ಆರು ತಿಂಗಳು ಕೇಳಿದೆ. ಒಂದು ಲೆಂಕೊ ಎಲ್75, ಇನ್ನೊಂದು ಥೊರೆನ್ಸ್ ಟಿಡಿ 160. ಎರಡಕ್ಕೂ ಒಂದೇ ಕಾರ್ಟ್ರಿಜ್ (ಸೂಜಿ ಕೂರುವ ಪುಟ್ಟ ಭಾಗ), ಆಡಿಯೊ-ಟೆಕ್ನಿಕಾ ವಿಎಂ95ಇ. ಸೂಜಿ ರೆಕಾರ್ಡನ್ನು ಒತ್ತುವ ಭಾರ 2 ಗ್ರಾಂ. ಪರೀಕ್ಷೆಗೆ ಭೀಮಸೇನ ಜೋಶಿಯವರ ಒಂದು ಎಲ್‌ಪಿ. ತಂಬೂರಿಗಿಂತ ಒಳ್ಳೇ ಪರೀಕ್ಷೆ ಬೇರೆ ಇಲ್ಲ. ವೇಗ ಕೂದಲೆಳೆಯಷ್ಟು ಏರಿಳಿದರೂ ಅದು ಹಿಡಿದು ಕೊಡುತ್ತದೆ.

ಥೊರೆನ್ಸ್ ತಿರುಗುವುದು ಬೆಲ್ಟಿನಿಂದ. ರೆಕಾರ್ಡ್ ಕೂರುವ ತಟ್ಟೆ, ಸೂಜಿ ಹಿಡಿದ ತೋಳು ಎರಡೂ ಮೂರು ಸ್ಪ್ರಿಂಗಿನ ಮೇಲೆ ನಿಂತಿವೆ. ಮೊದಲ ದಿನ ಹಚ್ಚಿದಾಗ ಎದೆ ಧಸಕ್ಕೆಂದಿತು. ಭೀಮಸೇನರ ಷಡ್ಜ ಹಾರ್ಮೋನಿಯಂನ ಮೂರು ಮನೆ ಕೆಳಗಿತ್ತು! ನೋಡಿದರೆ ಮೋಟಾರಿನ ಪುಲ್ಲಿ, ಅಂದರೆ ಬೆಲ್ಟ್ ಸುತ್ತುವ ಪುಟ್ಟ ಗಾಲಿ, ಅಮೆರಿಕದ 60 ಹರ್ಟ್ಸ್ ಕರೆಂಟಿಗೆ ಮಾಡಿದ್ದು. ಮಾರಿದವರು ಹೇಳಿರಲಿಲ್ಲ. ಈ ಮೋಟಾರಿನ ವೇಗ ಕರೆಂಟಿನ ಹರ್ಟ್ಸನ್ನೇ ಅನುಸರಿಸುತ್ತದೆ. ನಮ್ಮ 50 ಹರ್ಟ್ಸ್‌ಗೆ ತಟ್ಟೆ ನಿಮಿಷಕ್ಕೆ 33⅓ ಸುತ್ತಿನ ಬದಲು 28ಕ್ಕೂ ಕಡಿಮೆ ತಿರುಗುತ್ತಿತ್ತು. ಪುಲ್ಲಿ ಬದಲಿಸಿದೆ, ಶ್ರುತಿ ಸರಿಹೋಯಿತು. ಹಳೇದು ಕೊಳ್ಳುವವರು ದಯವಿಟ್ಟು ಇದನ್ನು ಮೊದಲು ನೋಡಿ.

ಲೆಂಕೊಗೆ ಈ ತಾಪತ್ರಯ ಇಲ್ಲ. ಅಲ್ಲಿ ರಬ್ಬರ್ ಅಂಚಿನ ಗಾಲಿಯೊಂದು ತಟ್ಟೆಯ ಅಡಿಗೆ ತಾಗಿ ತಿರುಗಿಸುತ್ತದೆ. ವೇಗವನ್ನು ಕೈಯಲ್ಲೇ ಹಿಂದೆ ಮುಂದೆ ಮಾಡಬಹುದು. ಆದರೆ ಕೆಲಸ ಜಾಸ್ತಿ ಕೇಳಿದ್ದೂ ಇದೇ. ತೋಳಿನ ಕೀಲಿನ ರಬ್ಬರ್ ಹಳೇ ಬೆಲ್ಲದಂತೆ ಜಿಗುಟಾಗಿ, ಮುಟ್ಟಿದರೆ ಉದುರುತ್ತಿತ್ತು. ಹೊಸದು ಹಾಕಿದೆ. ಆಲಾಪಕ್ಕೆ ಮುಂಚಿನ ಮೌನದಲ್ಲಿ ಗುರ್ ಎನ್ನುವ ಸದ್ದು ಬೇರೆ. ಗಾಲಿಯ ಅಂಚು ಒರೆಸಿ, ಬೇರಿಂಗಿಗೆ ಎಣ್ಣೆ ಬಿಟ್ಟು, 18 ಮಿ.ಮೀ. ಪ್ಲೈವುಡ್ಡಿನ ನಾಲ್ಕು ಪದರ ಅಂಟಿಸಿ ಭಾರದ ಪೆಟ್ಟಿಗೆ ಮಾಡಿಸಿದೆ. ಈಗ ಆ ಸದ್ದನ್ನು ಕಿವಿಗೊಟ್ಟು ಹುಡುಕಬೇಕು.

ಕೇಳುವಾಗ? ಥೊರೆನ್ಸಿನಲ್ಲಿ ತಬಲಾದ ಡಗ್ಗಾ ಮೆತ್ತಗೆ, ಹಿತವಾಗಿ ಬರುತ್ತದೆ. ಲೆಂಕೊದಲ್ಲಿ ಅಂಗೈ ಚರ್ಮವನ್ನು ಒತ್ತಿ ಜಾರಿದ್ದು ಸಹ ಗೊತ್ತಾಗುತ್ತದೆ. ನನ್ನ ಮನಸ್ಸು ಅಲ್ಲೇ ವಾಲಿತು. ರೈಲಿನ ವಿಷಯದಲ್ಲಿ ಮಾತ್ರ ಥೊರೆನ್ಸೇ ಮುಂದೆ. ಅದುರಾಟ ಸ್ಪ್ರಿಂಗ್ ದಾಟಿ ಬರುವುದೇ ಇಲ್ಲ. ಲೆಂಕೊವನ್ನು ಒಳಗೋಡೆಗೆ ಹೊಡೆಸಿದ ಕಬ್ಬಿಣದ ಶೆಲ್ಫಿಗೆ ಏರಿಸಬೇಕಾಯಿತು. ಮಗಳು ಕುಣಿದರೆ ಥೊರೆನ್ಸಿನ ಸೂಜಿ ಹಾರುತ್ತದೆ, ಅದೂ ನಿಜ. ಮೋಟಾರೇ ತಟ್ಟೆಯನ್ನು ನೇರವಾಗಿ ತಿರುಗಿಸುವ, ಗೆಳೆಯರ ಟೆಕ್ನಿಕ್ಸ್ ಎಸ್‌ಎಲ್-1200 ಸಹ ಒಂದು ಸಂಜೆ ಕೇಳಿದೆ. ತಂಬೂರಿ ಬಂಡೆಯಂತೆ ನಿಂತಿತ್ತು. ಆದರೆ ಅಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ.

ಇಷ್ಟೆಲ್ಲ ಆದಮೇಲೆ ಸೂಜಿ ಬದಲಿಸಿದೆ. ಅದನ್ನೇ ಮೊದಲು ಮಾಡಬೇಕಿತ್ತು. ಎಲ್‌ಪಿಯ ಹೊರ ಅಂಚಿನಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು ಹಾದುಹೋಗುತ್ತದೆ. ಲೇಬಲ್ ಹತ್ತಿರ ಬರೀ 21. ಅಷ್ಟು ಕಡಿಮೆ ಜಾಗದಲ್ಲಿ ಅಷ್ಟೇ ಸ್ವರ ತುಂಬಿರುತ್ತದೆ, ಸಾಧಾರಣ ಸೂಜಿಗೆ ಓದಲು ಕಷ್ಟ. ನಮ್ಮ ಖಯಾಲ್ ಗಾಯನದಲ್ಲಿ ವೇಗದ ಭಾಗವಾದ ದ್ರುತ್ ಬರುವುದು ಕೊನೆಗೆ, ಅಂದರೆ ಸರಿಯಾಗಿ ಅಲ್ಲೇ! ಬಿರುಸಿನ ತಾನುಗಳು ಒಡೆದು ಕೇಳುತ್ತಿದ್ದವು. ಅದೇ ಕಾರ್ಟ್ರಿಜ್‌ಗೆ ಮೈಕ್ರೊಲೀನಿಯರ್ ಎಂಬ, ತುದಿ ತೀರ ಸಪೂರವಾದ ಸೂಜಿ ಸಿಕ್ಕಿಸಿದೆ. ಎರಡೂ ಟರ್ನ್‌ಟೇಬಲ್‌ನಲ್ಲಿ ತಾನಿನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಬಂತು. ಪ್ಲೈವುಡ್ ತಂದ ವ್ಯತ್ಯಾಸ ಇದರ ಅರ್ಧವೂ ಇಲ್ಲ.

ಲೆಂಕೊ ಉಳಿಸಿಕೊಂಡೆ. ಹಳೇ ಸೂಜಿಯನ್ನೂ ಎಸೆದಿಲ್ಲ. ಹಳೇ ಸಾಮಾನಿನ ಚೋರ್ ಬಜಾರಿನಿಂದ ತಂದ, ತುಂಬಾ ಸವೆದ ರೆಕಾರ್ಡುಗಳಿಗೆ ಅದನ್ನೇ ಹಾಕುತ್ತೇನೆ.