ಗ್ರೋ ಲೈಟ್ ಜೊತೆ ಕೊಡುವ ಚಾರ್ಟ್ ನೋಡಿ ಸಸಿ ಇಡಬೇಡಿ

ಮನೆಯೊಳಗೆ ಗಿಡ ಬೆಳೆಸಲು ಗ್ರೋ ಲೈಟ್ ಕೊಳ್ಳುವ ಯೋಚನೆ ಇದ್ದರೆ, ಅದರಲ್ಲೂ ಹುಬ್ಬಳ್ಳಿ-ಧಾರವಾಡದವರಾಗಿದ್ದರೆ, ಮೊದಲು ಇದನ್ನು ಓದಿ. ದುಡ್ಡು ಆಮೇಲೆ ಕೊಡಿ. ನನ್ನ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಸಸಿಗಳು ಹಾಳಾದವು, ಜೊತೆಗಿದ್ದ ಟೊಮ್ಯಾಟೊ ಕೂಡ. ಬೆಳಕು ಕಮ್ಮಿಯಾಗಿ ಅಲ್ಲ, ಜಾಸ್ತಿಯಾಗಿ.

ನಮ್ಮದು ಧಾರವಾಡದಲ್ಲಿ ಬಾಡಿಗೆ ಮನೆ. ಕಿಟಕಿ ತೆರೆದರೆ ಪಕ್ಕದ ಮನೆ ಗೋಡೆ. ಜೂನ್ ಬಂತೆಂದರೆ ಜಿಟಿಜಿಟಿ ಮಳೆ ಶುರು, ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಸಸಿಗಳು ಬೆಳಕು ಹುಡುಕಿಕೊಂಡು ಉದ್ದುದ್ದ ಎಳೆದು ಮಲಗಿಬಿಡುತ್ತವೆ. ಅದಕ್ಕೇ ಹುಬ್ಬಳ್ಳಿಯ ಒಂದು ಅಂಗಡಿಯಿಂದ ಎಲ್‌ಇಡಿ ಗ್ರೋ ಲೈಟ್ ತಂದೆ. ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ 1000 ವ್ಯಾಟ್. ಒಳಗೆ ಲ್ಯಾಮಿನೇಟ್ ಮಾಡಿದ ಚಾರ್ಟ್. ಅಂಗಡಿಯವರು ಅದರಲ್ಲಿ ಒಂದು ಸಾಲಿಗೆ ಪೆನ್ನಿನಿಂದ ಗೆರೆ ಎಳೆದು ಕೊಟ್ಟರು: ಗಿಡದಿಂದ ಒಂದು ಅಡಿ ಎತ್ತರ, ಫುಲ್ ಬೆಳಕು, ದಿನಕ್ಕೆ 18 ತಾಸು. "ಮೆಣಸಿನಕಾಯಿ, ಟೊಮ್ಯಾಟೊ, ಕೊತ್ತಂಬರಿ, ಎಲ್ಲಾದಕ್ಕೂ ಇದ ನಡಿತದ್ರೀ ಮೇಡಂ. ಬೆಳಕು ಜಾಸ್ತಿ ಆದಷ್ಟೂ ಗಿಡಕ್ಕ ಛಲೋನ."

ವಾರ ಕಳೆಯುವಷ್ಟರಲ್ಲಿ ಹೊಸ ಎಲೆಗಳು ಅಂಚಿನಿಂದ ದೊನ್ನೆಯ ಹಾಗೆ ಮೇಲಕ್ಕೆ ಮಡಚಿಕೊಂಡವು. ಆಮೇಲೆ ತುದಿ ಎಲೆ ಹಳದಿ, ಅಲ್ಲಿಂದ ಬಿಳಿ. ಅಂಗಡಿಗೆ ಫೋನ್ ಮಾಡಿ ಫೋಟೋ ಕಳಿಸಿದೆ. ಉತ್ತರ ತಕ್ಷಣ ಬಂತು: "ಅದು ಮುಟುರು ರೋಗರೀ. ಬೇವಿನೆಣ್ಣಿ ಹೊಡೀರಿ. ಲೈಟ್ ಮಾತ್ರ ಬಂದ್ ಮಾಡಬ್ಯಾಡ್ರಿ." ಬೇವಿನೆಣ್ಣೆಯನ್ನೂ ಅವರೇ ಮಾರಿದರು. ಎಣ್ಣೆ ಹಚ್ಚಿದ ಎಲೆ ಜೋರು ಬೆಳಕಿಗೆ ಇನ್ನೂ ಬೇಗ ಸುಡುತ್ತದೆ. ಅದಕ್ಕೇ ತೋಟದಲ್ಲೂ ಅದನ್ನು ಹೊಡೆಯುವುದು ಸಂಜೆ ತಂಪಿನಲ್ಲಿ. ಉಳಿದಿದ್ದರಲ್ಲೂ ಅರ್ಧ ಸಸಿ ಹೋದವು.

ಹಾವೇರಿ ಕಡೆ ಮೆಣಸಿನಕಾಯಿ ಬೆಳೆಯುವ ನಮ್ಮ ಸೋದರಮಾವ ಒಂದು ಕೆಲಸಕ್ಕೆ ಧಾರವಾಡಕ್ಕೆ ಬಂದಿದ್ದರು. ಟ್ರೇ ನೋಡಿದ್ದೇ ಎಲೆ ತಿರುಗಿಸಿ ಕೇಳಿದರು, "ಮುಟುರು ಅಂದ್ರ ಹುಳ ಎಲ್ಲವಾ? ಇದು ರೋಗ ಅಲ್ಲ ಬಿಡವಾ, ಅಗಿ ಸುಟ್ಟಾವ." ಅಗಿ ಅಂದರೆ ಸಸಿ.

ಗುರುತು ಹಿಡಿಯುವುದು ಹೇಗೆ ಅಂತ ಅವರೇ ತೋರಿಸಿದರು. ಥ್ರಿಪ್ಸ್ ಹತ್ತಿದರೆ ಎಲೆ ಮೇಲಕ್ಕೆ ಮುಟುರುತ್ತದೆ, ಮೈಟ್ ನುಸಿ ಹತ್ತಿದರೆ ಕೆಳಕ್ಕೆ. ಎರಡರಲ್ಲೂ ಹುಳ ಟ್ರೇಯ ನಡು, ಮೂಲೆ ಅಂತ ನೋಡುವುದಿಲ್ಲ. ನನ್ನ ಟ್ರೇಯಲ್ಲಿ ಹಾಗಿರಲಿಲ್ಲ. ಲೈಟಿನ ನೇರ ಕೆಳಗೆ ಇದ್ದವು ಬೆಳ್ಳಗಾಗಿದ್ದವು, ಮೂಲೆಯವು ಹಸಿರಾಗೇ ಇದ್ದವು. ಒಂದು ಎಲೆಯ ಮೇಲೆ ಇನ್ನೊಂದು ಎಲೆ ಅಡ್ಡ ಬಂದ ಕಡೆ, ನೆರಳು ಬಿದ್ದಷ್ಟು ಜಾಗ ಮಾತ್ರ ಅದೇ ಆಕಾರದಲ್ಲಿ ಹಸಿರು. ಇದಕ್ಕಿಂತ ಸಾಕ್ಷಿ ಬೇಕಾ? ಗೊಬ್ಬರ ಕಮ್ಮಿಯಾದರೂ ಎಲೆ ಹಳದಿಯಾಗುತ್ತದೆ ನಿಜ, ಆದರೆ ಸಾರಜನಕದ ಕೊರತೆ ಕೆಳಗಿನ ಹಳೆ ಎಲೆಯಿಂದ ಶುರುವಾಗುತ್ತದೆ. ಬೆಳಕಿನ ಸುಡು ಲೈಟಿಗೆ ಹತ್ತಿರದ ಮೇಲಿನ ಎಲೆಯಿಂದ.

ಅಸಲಿ ವಿಷಯ ಗೊತ್ತಾಗಿದ್ದು ಚಾರ್ಟ್ ಸರಿಯಾಗಿ ನೋಡಿದ ಮೇಲೆ. ಮೂಲೆಯಲ್ಲಿ ಏಳು ಬೆರಳಿನ ಎಲೆಯ ಚಿತ್ರ ಇತ್ತು. ಬೆಳೆಯುವಾಗ 18 ತಾಸು ಬೆಳಕು, ಹೂವಿಗೆ 12 ತಾಸು ಅಂತ ಬರೆದಿತ್ತು. ಅದು ಗಾಂಜಾ ಗಿಡದ ಚಾರ್ಟ್! ಕೆನಡಾದಲ್ಲಿ 2018ರಿಂದ ಗಾಂಜಾ ಕಾನೂನುಬದ್ಧ, ಅಲ್ಲಿ ಒಳಾಂಗಣದಲ್ಲಿ ಬೆಳೆಯುವವರು ಬಹಳ. ಇಂಥ ಲೈಟುಗಳ ಲೆಕ್ಕಾಚಾರವೆಲ್ಲ ಹೆಚ್ಚಾಗಿ ಅಂಥವರಿಗಾಗಿಯೇ ಮಾಡಿದ್ದು. ನಮ್ಮ ಅಂಗಡಿಗಳು ಅದನ್ನೇ ಪ್ರಿಂಟ್ ತೆಗೆದು ಕೊತ್ತಂಬರಿಗೆ ಕೊಡುತ್ತಿವೆ.

ಗಾಂಜಾ ಗಿಡ ಬೆಳಕನ್ನು ತಿನ್ನುವುದರಲ್ಲಿ ರಾಕ್ಷಸ. ಎಲೆಯ ಮೇಲೆ ಬೀಳುವ ಬೆಳಕನ್ನು ಮೈಕ್ರೊಮೋಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರಿಗೆ, ಒಂದು ಸೆಕೆಂಡಿಗೆ ಇಷ್ಟು ಅಂತ. ನೆತ್ತಿ ಮೇಲಿನ ಮಧ್ಯಾಹ್ನದ ಬಿಸಿಲು ಸುಮಾರು 2000. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಗಿಡಕ್ಕೆ 120ರಿಂದ 1800ರವರೆಗೂ ಬೆಳಕು ಕೊಟ್ಟು ನೋಡಿದರು. ಬೆಳಕು ಏರಿದಂತೆ ಹೂವಿನ ತೂಕ ಏರುತ್ತಲೇ ಹೋಯಿತು. ಅಮಲಿನ ಅಂಶದ ಪ್ರಮಾಣ ಮಾತ್ರ ಹಾಗೆ ಏರಲಿಲ್ಲ. ಆದರೆ ಅದು ಬೆಳೆದು ಹೂ ಬಿಡುವ ಗಿಡದ ಮಾತು. ಅಲ್ಲೂ ಮನೆಯೊಳಗೆ ಬೆಳೆಯುವವರು ಹೂವಿನ ಹಂತಕ್ಕೆ ಸಾಮಾನ್ಯವಾಗಿ 600ರಿಂದ 1000 ಇಡುತ್ತಾರೆ. ಅದಕ್ಕಿಂತ ಮೇಲೆ ಹೋಗುವವರು ಕೋಣೆಗೆ ಬೇರೆ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಮಿತಿ ಮೀರಿದರೆ ಗಾಂಜಾದ ತುದಿಯೂ ಬೆಳ್ಳಗಾಗುತ್ತದೆ. ಸಸಿಗೆ ಅವರು ಕೊಡುವುದು ಬರೀ 200-300. ಅಂದರೆ ನನ್ನ ಅಂಗಡಿಯವರು ತಪ್ಪು ಗಿಡದ ಚಾರ್ಟ್ ಕೊಟ್ಟಿದ್ದಲ್ಲದೆ, ಅದರಲ್ಲೂ ಬೆಳೆದ ಗಿಡದ ಸಾಲಿಗೆ ಗೆರೆ ಎಳೆದಿದ್ದರು. ಎರಡೆಲೆಯ ಸಸಿಗೆ!

ಪರಿಚಯದವರಿಂದ ಬೆಳಕು ಅಳೆಯುವ ಲಕ್ಸ್ ಮೀಟರ್ ತಂದು ಒಂದು ಅಡಿ ಕೆಳಗೆ ಇಟ್ಟೆ. ಅರವತ್ತು ಸಾವಿರ ಲಕ್ಸ್. ಬಿಳಿ ಎಲ್‌ಇಡಿಯಲ್ಲಿ ಲಕ್ಸನ್ನು ಸುಮಾರು 67ರಿಂದ ಭಾಗಿಸಿದರೆ ಮೈಕ್ರೊಮೋಲ್ ಸಿಗುತ್ತದೆ, ಅಂದರೆ 900ರ ಹತ್ತಿರ. (ನೇರಳೆ ಬಣ್ಣದ ಲೈಟಿಗೆ ಈ ಲೆಕ್ಕ ನಡೆಯುವುದಿಲ್ಲ, ಲಕ್ಸ್ ಮೀಟರ್ ಅದನ್ನು ತೀರಾ ಕಮ್ಮಿ ತೋರಿಸುತ್ತದೆ.) ಇದರ ಮೇಲೆ 18 ತಾಸು. ದಿನದ ಒಟ್ಟು ಬೆಳಕು 58 ಮೋಲ್ ಆಯಿತು (ಹತ್ತು ಲಕ್ಷ ಮೈಕ್ರೊಮೋಲ್ ಅಂದರೆ ಒಂದು ಮೋಲ್). ಏಪ್ರಿಲ್ ಬಿಸಿಲಿನಲ್ಲಿ ಇಡೀ ದಿನ ಬಯಲಲ್ಲಿ ನಿಂತ ಗಿಡಕ್ಕೂ ಇಷ್ಟು ಸಿಗುವುದಿಲ್ಲ. ಮೆಣಸಿನ ಸಸಿಗೆ 10ರಿಂದ 15 ಧಾರಾಳ ಸಾಕು. ರಾಣೆಬೆನ್ನೂರು ಕಡೆಯ ನರ್ಸರಿಗಳನ್ನು ನೋಡಿ, ಅಷ್ಟು ಬಿಸಿಲಿದ್ದರೂ ಸಸಿ ಟ್ರೇಗಳನ್ನು ಶೇಡ್ ನೆಟ್ ಕೆಳಗೇ ಇಡುತ್ತಾರೆ. ಸುಮ್ನೆ ಖರ್ಚು ಮಾಡುತ್ತಾರಾ ಅವರು?

ತಾಸಿನ ಲೆಕ್ಕವೂ ನಮಗೆ ಸಂಬಂಧವಿಲ್ಲದ್ದು. ಗಾಂಜಾ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡ, ಸೇವಂತಿಗೆಯೂ ಅದೇ ಥರ. ಸೇವಂತಿಗೆ ಹೊಲದಲ್ಲಿ ರಾತ್ರಿ ಬಲ್ಬ್ ಉರಿಸಿ ಹೂವನ್ನು ಮುಂದಕ್ಕೆ ಹಾಕುವುದು ಇದೇ ಕಾರಣಕ್ಕೆ. ಮೆಣಸಿನಕಾಯಿ, ಟೊಮ್ಯಾಟೊಗಳಿಗೆ ಆ ಹಂಗಿಲ್ಲ. 12 ತಾಸಿಗೆ ಇಳಿಸಿದ್ದಕ್ಕೆ ಅವು ಹೂ ಬಿಡುವುದಿಲ್ಲ, ವಯಸ್ಸಾದಾಗ ಬಿಡುತ್ತವೆ. ಇನ್ನು ಕೆಲವರು 24 ತಾಸೂ ಹಚ್ಚಿಡಿ ಅನ್ನುತ್ತಾರೆ. ಟೊಮ್ಯಾಟೊ, ಬದನೆಗೆ ಕತ್ತಲೆಯೇ ಇಲ್ಲದಿದ್ದರೆ ಎಲೆ ಮಚ್ಚೆಮಚ್ಚೆಯಾಗಿ ಹಳದಿಯಾಗುತ್ತದೆ. ಮಾಡಲೇಬೇಡಿ.

ಆ 1000 ವ್ಯಾಟಿನ ಕಥೆಯನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಎಲ್ಲ ಬಂದ್ ಮಾಡಿ, ಲೈಟ್ ಒಂದೇ ಹಚ್ಚಿ, ಹೆಸ್ಕಾಂ ಮೀಟರಿನ ಕೆಂಪು ದೀಪ ಎಷ್ಟು ಸಲ ಮಿನುಗುತ್ತದೆ ಅಂತ ಎಣಿಸಿ. ನಮ್ಮ ಮೀಟರಿನ ಮೇಲೆ ಒಂದು ಯೂನಿಟ್‌ಗೆ 3200 ಮಿನುಗು ಅಂತ ಬರೆದಿದೆ. ನಿಮ್ಮದರಲ್ಲಿ ಬೇರೆ ಇರಬಹುದು, ನೋಡಿಕೊಳ್ಳಿ. 1000 ವ್ಯಾಟ್ ನಿಜವಾಗಿದ್ದರೆ ನಿಮಿಷಕ್ಕೆ 53 ಸಲ ಮಿನುಗಬೇಕು. ಮಿನುಗಿದ್ದು ಐದಾರು ಸಲ. ಅಂದರೆ 100 ವ್ಯಾಟ್. ಕೇಳಿದರೆ, ಹಳೆ ಸೋಡಿಯಂ ಲೈಟಿನ 1000 ವ್ಯಾಟಿಗೆ ಸಮ ಅಂತ ವಾದ. ಒಳ್ಳೆ ಎಲ್‌ಇಡಿ ಇದ್ದರೂ 100 ವ್ಯಾಟಿನಿಂದ ಅಷ್ಟು ಬೆಳಕು ಬರುವುದೇ ಇಲ್ಲ. ಹೇಳಿದ್ದರಲ್ಲಿ ಹತ್ತರಲ್ಲಿ ಒಂದು ಪಾಲು ಕರೆಂಟ್ ಎಳೆದೇ ನನ್ನ ಸಸಿ ಸುಟ್ಟಿದೆ, ನಿಜಕ್ಕೂ 1000 ಇದ್ದಿದ್ದರೆ ಟ್ರೇಯೂ ಉಳಿಯುತ್ತಿರಲಿಲ್ಲವೇನೋ. ಆದರೂ 18 ತಾಸಿಗೆ ತಿಂಗಳಿಗೆ 54 ಯೂನಿಟ್ ಆಗುತ್ತದೆ. ಗೃಹಜ್ಯೋತಿಯಲ್ಲಿ ಇರುವವರು ಇದನ್ನೂ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು. ರಾತ್ರಿ ಹನ್ನೊಂದಕ್ಕೂ ಕಿಟಕಿ ಫಳಫಳ ಅನ್ನುವುದನ್ನು ಕಂಡು ಮನೆ ಮಾಲೀಕರು ಬಂದರು. "ಏನ್ ಬೆಳಸಾಕತ್ತೀರಿ ಅಕ್ಕಾರ ಒಳಗ?" ನಗುತ್ತಲೇ ಕೇಳಿದರು, ಆದರೂ ಒಳಗೆ ಬಂದು ಟ್ರೇ ನೋಡಿಕೊಂಡೇ ಹೋದರು. ಅವರ ತಪ್ಪಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ನಮ್ಮಲ್ಲಿ ಗಾಂಜಾ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷದವರೆಗೆ ದಂಡ. ಅಂಥದ್ದರಲ್ಲಿ ಏಳು ಬೆರಳಿನ ಎಲೆಯ ಚಾರ್ಟನ್ನು ಗೋಡೆಗೆ ಅಂಟಿಸಿಕೊಂಡು ಕೂತಿದ್ದೆ ನಾನು! ಹರಿದು ಹಾಕಬೇಕೆಂದವಳು ದೂರಿಗೆ ಬೇಕಾಗುತ್ತದೆ ಅಂತ ಎತ್ತಿಟ್ಟಿದ್ದೇನೆ.

ಈಗ ಲೈಟ್ ಎರಡು ಅಡಿ ಮೇಲಿದೆ, ಡಿಮ್ಮರ್ ಅರ್ಧಕ್ಕೆ. ಎತ್ತರ ಎರಡು ಪಟ್ಟಾದರೆ ಬೆಳಕು ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ, ಬೋರ್ಡ್ ಎಷ್ಟು ಅಗಲ, ಸುತ್ತ ಬಿಳಿ ಗೋಡೆ ಇದೆಯಾ ಅನ್ನುವುದರ ಮೇಲೆ. ಸಸಿ ಮಟ್ಟದಲ್ಲಿ ಹದಿಮೂರು ಸಾವಿರ ಲಕ್ಸ್, 14 ತಾಸು. ನಾಲ್ಕಾರು ಎಲೆ ಬಂದ ಮೇಲೆ ನಿಧಾನಕ್ಕೆ ಏರಿಸುತ್ತೇನೆ. ಮೀಟರ್ ಇಲ್ಲದವರು ಮೊಬೈಲ್ ಆ್ಯಪ್ ಬಳಸಬಹುದು. ಅದರ ಅಂಕಿ ಪಕ್ಕಾ ಅಲ್ಲ, ಆದರೆ ನಡುವೆ ಎಷ್ಟು, ಮೂಲೆಯಲ್ಲಿ ಎಷ್ಟು ಅಂತ ಹೋಲಿಸಲು ಸಾಕು. ಒಮ್ಮೆ ಬೆಳ್ಳಗಾದ ಎಲೆ ಮತ್ತೆ ಹಸಿರಾಗುತ್ತದೆ ಅಂತ ಕಾಯಬೇಡಿ. ಸುಳಿ ಹಸಿರಿದ್ದರೆ ಸಸಿ ಉಳಿಯಿತು.

ಅಂಗಡಿಯವರು ಲೈಟ್ ವಾಪಸ್ ತಗೊಳ್ಳಲಿಲ್ಲ, "ಬಳಸಿದ ಮಾಲು" ಅಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಸತ್ತ ಸಸಿಯ ಬಗ್ಗೆ ಅಲ್ಲ, ಬಾಕ್ಸ್ ಮೇಲಿನ ಸುಳ್ಳು ವ್ಯಾಟಿನ ಬಗ್ಗೆ. ನೀವು ಕೊಳ್ಳುವುದಾದರೆ ಗೋಡೆಯಿಂದ ನಿಜವಾಗಿ ಎಷ್ಟು ವ್ಯಾಟ್ ಎಳೆಯುತ್ತದೆ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಡಿಮ್ಮರ್ ಇಲ್ಲದ್ದನ್ನು ಮುಟ್ಟಬೇಡಿ. ಚಾರ್ಟ್ ಕೊಟ್ಟರೆ ಯಾವ ಗಿಡದ್ದು ಅಂತ ಅಂಗಡಿಯಲ್ಲೇ ಕೇಳಿ.